ಪುಟ್ಟಿಗೆ, ಫೋನಿನಲ್ಲಿ ಹೇಳಲಾಗದ್ದು

ಪುಟ್ಟಿ,

ನಿನ್ನೆ ಫೋನ್ ಇಟ್ಟಿದ್ದು ನಾನೇ, ತಾನಾಗೇ ಕಟ್ ಆಗಿದ್ದಲ್ಲ. ಮಂಡಿಯ ಲಿಗಮೆಂಟ್ ಹರಿದು ಮೂರು ವಾರ ಆದ ಮೇಲೆ, ಆಪರೇಷನ್ ದಿನವೂ ಗೊತ್ತಾದ ಮೇಲೆ ನಮಗೆ ಹೇಳಿದೆಯಲ್ಲ, ಆ ಸಿಟ್ಟಿನಲ್ಲಿ "ಸಾಕು, ವಾಪಸ್ ಬಾ" ಅಂದುಬಿಟ್ಟೆ. "ನನ್ನ ಕೆಲಸ ಏನು ಅಂತ ಒಂದು ಸಲ ಆದರೂ ನೋಡಿದ್ದೀಯಾ ಅಪ್ಪ?" ಅಂದೆ ನೀನು. ರಾತ್ರಿ ನಿದ್ದೆ ಬರಲಿಲ್ಲ.

ರಂಗಶಂಕರದ ವಿಷಯ ಹೇಳಬೇಕು. ನೀನು ಬ್ರಸೆಲ್ಸ್‌ಗೆ ಡ್ಯಾನ್ಸ್ ಕಲಿಯಲು ಹೊರಡುವ ಮುಂಚೆ ಆ ರಂಗಮಂದಿರದಲ್ಲಿ ಮಾಡಿದ ಶೋ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡೆ, ತಡವಾದರೆ ಅಲ್ಲಿ ಒಳಗೆ ಬಿಡಲ್ಲ ಅಂತ ಹೇಳಿದ್ದೆ. ಸುಳ್ಳು. 7 ಗಂಟೆಗೇ ಬಂದಿದ್ದೆ. ಅಮ್ಮ ಮೇಲೆ ಹೋಗಿದ್ದಳು. ನಾನು ಕೆಳಗೆ ಕ್ಯಾಂಟೀನ್‌ನಲ್ಲಿ ಸಾಬುದಾನ ವಡೆ ತೆಗೆದುಕೊಂಡು ಮೂಲೆಯಲ್ಲಿ ಕೂತೆ. ಬೆಲ್ ಆಯಿತು. ಬಾಗಿಲು ಹಾಕಿದರು. ವಡೆ ತಣ್ಣಗಾಯಿತು, ತಿನ್ನಲೇ ಇಲ್ಲ.

ಹಿಂದಿನ ದಿನ ನೀನು ಹಾಲ್‌ನಲ್ಲಿ ಅಭ್ಯಾಸ ಮಾಡುವುದನ್ನು ಬಾಗಿಲ ಸಂದಿಯಿಂದ ನೋಡಿದ್ದೆ. ಗೆಜ್ಜೆ ಇಲ್ಲ, ತಾಳ ಇಲ್ಲ. ಬೀಳುತ್ತೀಯ, ಏಳುತ್ತೀಯ, ಮತ್ತೆ ಬೀಳುತ್ತೀಯ. ಮೊಣಕೈ ಕಂದಿತ್ತು. ಹನ್ನೆರಡು ವರ್ಷ ಭರತನಾಟ್ಯ ಕಲಿಸಿ, ಪಿಎಫ್ ದುಡ್ಡು ತೆಗೆದು ರಂಗಪ್ರವೇಶ ಮಾಡಿಸಿದವನು ನಾನು. ಪಕ್ಕದಲ್ಲಿ ಕೂತ ಆಫೀಸಿನವರು "ಇದೇನ್ರೀ ಇದು" ಅಂದರೆ ಏನು ಹೇಳಲಿ ಅಂತ ಭಯ. ಅವರು ಯಾರೂ ಬಂದೇ ಇರಲಿಲ್ಲ ಬಿಡು. ಕೊನೆಗೆ ಚಪ್ಪಾಳೆ ಕೆಳಗಿನವರೆಗೂ ಕೇಳಿಸಿತು. ನೀನು ಬರಿಗಾಲಲ್ಲೇ ಓಡಿ ಬಂದು "ಅಯ್ಯೋ ಅಪ್ಪ, ಯಾವ ಸಿಗ್ನಲ್ಲು?" ಅಂತ ನನಗೇ ಸಮಾಧಾನ ಮಾಡಿದೆ. ನಾನು ಬನಶಂಕರಿ ಅಂದೆ. ಯೋಚನೆಯನ್ನೇ ಮಾಡದೆ ಅಂದೆ, ಅದೇ ಈಗಲೂ ಚುಚ್ಚುತ್ತದೆ.

ಬ್ರಸೆಲ್ಸ್‌ನಲ್ಲಿ ಪಾರ್ಟ್ಸ್ ಅನ್ನುವ ಡ್ಯಾನ್ಸ್ ಶಾಲೆ ಅಂದಾಗ, ಗಾಡಿ ಪಾರ್ಟ್ಸ್ ನಮ್ಮ ಜೆ.ಸಿ. ರೋಡಿನಲ್ಲೇ ಸಿಗುತ್ತಲ್ಲ ಅಂತ ನಕ್ಕಿದ್ದೆ. ಬೆಲ್ಜಿಯಂನ ನೃತ್ಯ ಸಂಯೋಜಕಿ ಆನ್ ತೆರೇಸಾ ಡಿ ಕೀರ್ಸ್‌ಮಾಕರ್ 1995ರಲ್ಲಿ ಶುರು ಮಾಡಿದ್ದು ಅಂತ ಈಗ ಪಾರ್ಕಿನಲ್ಲಿ ಎಲ್ಲರಿಗೂ ನಾನೇ ಪಾಠ ಮಾಡುತ್ತೇನೆ. ಹೆಸರು ಬಾಯಿಗೆ ಬರಲು ಒಂದು ವಾರ ಹಿಡಿಯಿತು.

ಒಂದು ಮಾತು. ಮಂಡಿ ವಾಸಿಯಾಗಲು ಒಂಬತ್ತು ತಿಂಗಳಾದರೂ ಅವಸರ ಮಾಡಬೇಡ. ಕುಣಿಯುವ ಕಾಲಿಗೆ ವಯಸ್ಸಾಗುತ್ತದೆ, ಕಲಿಸುವುದಕ್ಕೆ, ಹೊಸದು ಕಟ್ಟುವುದಕ್ಕೆ ವಯಸ್ಸಾಗಲ್ಲ. ನಮ್ಮ ಮಲ್ಲೇಶ್ವರದ ಕಥಕ್ ಕಲಾವಿದೆ ಮಾಯಾ ರಾವ್ ಮಾಸ್ಕೋಗೆ ಹೋಗಿ ಕೊರಿಯೋಗ್ರಫಿ ಕಲಿತು ಬಂದು 1964ರಲ್ಲಿ ದೆಹಲಿಯಲ್ಲಿ ಶಾಲೆ ತೆಗೆದರು, ಆಮೇಲೆ ಬೆಂಗಳೂರಿಗೇ ಬಂದು ಕಲಿಸಿದರು. ನೀನೂ ಹಾಗೇ... ನೋಡು, ಮತ್ತೆ ಶುರು ಮಾಡಿದೆ. ಬರಬೇಡ. ಅಂದರೆ ಬಾ, ನಿನಗೆ ಬೇಕು ಅನಿಸಿದಾಗ.

ಪ್ರಾಜೆಕ್ಟ್ ಇಲ್ಲದ ತಿಂಗಳು ಸಂಬಳ ಇಲ್ಲ ಅಂತ ನೀನೇ ಅಂದಿದ್ದೆ. ದುಡ್ಡಿದೆಯಾ? ನಿಜ ಹೇಳು, ನನ್ನ ಹಾಗೆ ಬನಶಂಕರಿ ಕಥೆ ಬೇಡ. ರಂಗಶಂಕರದ ಆ ಶೋನ ವೀಡಿಯೊ ಇದ್ದರೆ ಕಳಿಸು. ಮತ್ತೆ ನಿನ್ನ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ ಅಲ್ವಾ? ಆಪರೇಷನ್ ಆದ ಮೇಲೆ ಹೇಗೆ ಹತ್ತುತ್ತೀಯ, ಮೊದಲು ಅದನ್ನು ಬರೆ.

ಅಪ್ಪ