ಕೆಮ್ಮುವುದಕ್ಕೂ ಭಯವೆಂದು ಬರೆದ ಮಗನಿಗೆ

ಉಡುಪಿ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

"ಕೆಮ್ಮುವುದಕ್ಕೂ ಭಯವಾಗುತ್ತದೆ, ಎಲ್ಲಿ ಒಡೆದುಹೋಗುತ್ತದೋ" ಎಂದು ನೀನು ಬರೆದ ಸಾಲನ್ನು ಓದಿದ ಮೇಲೆ ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಿನ್ನ ಅಪ್ಪ ಹೋದ ರಾತ್ರಿಯನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಿನ್ನ ಹೊಟ್ಟೆಯ ಮಹಾಪಧಮನಿ, ಅಂದರೆ ಹೃದಯದಿಂದ ಬರುವ ದೊಡ್ಡ ರಕ್ತನಾಳ, 4.2 ಸೆಂಟಿಮೀಟರಿನಷ್ಟು ಉಬ್ಬಿದೆಯೆಂದು ತಿಳಿದೂ ವೈದ್ಯರು "ಒಂದು ವರ್ಷ ಬಿಟ್ಟು ಬನ್ನಿ" ಎಂದದ್ದು ನಿನಗೆ ಕೈಬಿಟ್ಟ ಹಾಗೆಯೇ ಕೇಳಿಸಿರಬೇಕು.

ನನಗೂ ಹಾಗೆಯೇ ಅನ್ನಿಸಿ, ಪರಿಚಯದ ವೈದ್ಯರೊಬ್ಬರ ಬಳಿ ಹೋಗಿ ಕುಳಿತೆ. ಸಹಜವಾಗಿ ಸುಮಾರು 2 ಸೆಂಟಿಮೀಟರ್ ಅಗಲವಿರುವ ಆ ನಾಳ 3 ಮುಟ್ಟಿದರೆ ಅದನ್ನು ಅನ್ಯೂರಿಸಮ್ ಎನ್ನುತ್ತಾರಂತೆ. ಆದರೆ ಗಂಡಸರಲ್ಲಿ 5.5 ಆಗುವವರೆಗೆ, ನೋವಿಲ್ಲದೆ, ಬೇಗಬೇಗ ಬೆಳೆಯದೆ ಇದ್ದರೆ ಸಾಮಾನ್ಯವಾಗಿ ಕತ್ತರಿ ಹಾಕುವುದಿಲ್ಲವಂತೆ. ಬ್ರಿಟನ್ನಿನಲ್ಲಿ 4ರಿಂದ 5.5ರವರೆಗಿನ ಊತವಿದ್ದ 1,090 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದಾಗ, ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಅಲ್ಟ್ರಾಸೌಂಡ್ ಮಾಡಿಸುತ್ತ ಕಾದವರಿಗಿಂತ ಹೆಚ್ಚು ಬದುಕಿದ್ದು ಕಾಣಲಿಲ್ಲವಂತೆ. ಕೆಮ್ಮಿನ ವಿಷಯವನ್ನೂ ಕೇಳಿದೆ. ಈ ಗಾತ್ರಕ್ಕೆ ಕೆಮ್ಮಿಗೆ ಹೆದರಬೇಕಾಗಿಲ್ಲ, ಕೆಮ್ಮು ತರಿಸುವ ಸಿಗರೇಟಿಗೆ ಹೆದರಬೇಕು ಎಂದರು.

ಆ ಮಾತು ನನ್ನನ್ನು ಚುಚ್ಚಿತು. ಮಲ್ಪೆಯ ದಕ್ಕೆಯಲ್ಲಿ ನಿನ್ನ ಅಪ್ಪನ ಕೈಗೆ ಮೊದಲ ಬೀಡಿ ಕೊಟ್ಟವನು ನಾನು. ನಿನಗೆ ಗೊತ್ತಿಲ್ಲದ ಇನ್ನೊಂದು ಸಂಗತಿಯಿದೆ: ಅವನು ಹೋಗುವ ಎರಡು ತಿಂಗಳ ಮೊದಲು, ಚಾವಡಿಯಲ್ಲಿ ಅಂಗಾತ ಮಲಗಿ, "ಅಣ್ಣಾ, ಹೊಕ್ಕುಳ ಮೇಲೆ ಏನೋ ಮಿಡಿಯುತ್ತದೆ" ಎಂದಿದ್ದ. ನಾನು ವಾಯುವೆಂದು ಹೇಳಿ ಓಮದ ಕಷಾಯ ಮಾಡಿಕೊಟ್ಟೆ. ಕೈಯಿಟ್ಟೂ ನೋಡಲಿಲ್ಲ.

ಅವನದನ್ನು ಯಾರೂ ಅಳೆದಿರಲಿಲ್ಲ, ಮಗೂ. ನಿನ್ನದನ್ನು ಅಳೆದಿದ್ದಾರೆ.

ಉಪದೇಶ ಹೇಳುವ ಅರ್ಹತೆ ನನಗಿಲ್ಲ. ಆದರೂ ಸಿಗರೇಟನ್ನು ಬಿಡು, ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ. ಹಳೆಯ ರಿಪೋರ್ಟನ್ನು ಪ್ರತಿ ಸಲವೂ ಕೊಂಡುಹೋಗು, ಏಕೆಂದರೆ ಎಷ್ಟು ಬೆಳೆದಿದೆ ಎಂಬುದು ಹೋಲಿಸಿದರೆ ಮಾತ್ರ ತಿಳಿಯುತ್ತದೆ. ಇದು ವಂಶದಲ್ಲಿ ಬರಬಹುದಾದ್ದರಿಂದ ನಿನ್ನ ತಮ್ಮನಿಗೂ ಒಮ್ಮೆ ಸ್ಕ್ಯಾನಿಂಗ್ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳು. ಇದ್ದಕ್ಕಿದ್ದಂತೆ ಹೊಟ್ಟೆಯಲ್ಲೋ ಬೆನ್ನಿನಲ್ಲೋ ತಡೆಯಲಾಗದ ನೋವು ಬಂದರೆ ಮಾತ್ರ, ಮೂತ್ರದ ಕಲ್ಲಿರಬಹುದೆಂದು ಬೆಳಗಿನವರೆಗೆ ಕಾಯಬೇಡ. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗು. ಉಳಿದ ದಿನಗಳಲ್ಲಿ ಕೆಮ್ಮು ಬಂದರೆ ಕೆಮ್ಮು.

ಮುಂದಿನ ಸ್ಕ್ಯಾನಿಂಗಿನ ದಿನವನ್ನು ತಿಳಿಸು. ಬೆಳಗಿನ ಬಸ್ಸಿಗೆ ಮಂಗಳೂರಿಗೆ ಬಂದು, ನೀನು ಹೊರಗೆ ಬರುವವರೆಗೆ ಬೆಂಚಿನ ಮೇಲೆ ಕುಳಿತಿರುತ್ತೇನೆ.

ನಿನ್ನ ದೊಡ್ಡಪ್ಪ