ನೀರು ಪಕ್ಕದ ಸಂದಿನದು, ಪೇಂಟಿಂಗ್ ದುಡ್ಡು ನಮ್ಮದು

ಮಾನ್ಯರೇ,

ಮೊನ್ನೆ ಮನೆ ಖಾಲಿ ಮಾಡಿದೆವು. ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್ ಲೆಕ್ಕಕ್ಕೆ ಮುರಿದುಕೊಂಡರು. ಬೆಂಗಳೂರಿನಲ್ಲಿ ಇದು ಹೊಸದೇನಲ್ಲ, ಅಗ್ರಿಮೆಂಟಿನಲ್ಲೇ ಇರುತ್ತದೆ, ನಾವೂ ಸುಮ್ನೆ ಸೈನ್ ಹಾಕಿರುತ್ತೇವೆ. ಆದರೆ ಈ ಗೋಡೆ ಹಾಳಾಗಿದ್ದು ನಮ್ಮಿಂದಲ್ಲ. ಮಕ್ಕಳು ಗೀಚಿರಲಿಲ್ಲ, ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ಎರಡು ಮಳೆಗಾಲ ನೀರು ಕುಡಿದು ಕುಡಿದು ಬೆಡ್‌ರೂಮಿನ ಗೋಡೆ ಉಬ್ಬಿ, ಬಣ್ಣ ಹಪ್ಪಳದ ಹಾಗೆ ಎದ್ದು ಬಂದಿತ್ತು. ಅದರ ಮೇಲೆ ಕಪ್ಪು ಬೂಸ್ಟು. ಮದುವೆ ಸೀರೆ, ಬೆಲ್ಟು, ಮಗಳ ಪುಸ್ತಕ ಎಲ್ಲಕ್ಕೂ ಅದೇ ವಾಸನೆ. ಅವಳಿಗೆ ರಾತ್ರಿ ಕೆಮ್ಮು ಶುರುವಾದಾಗ ಹಾಸಿಗೆಯನ್ನು ಹಾಲ್‌ಗೆ ತಂದು ಹಾಕಿಕೊಂಡೆವು.

ಮಾಲೀಕರಿಗೆ ಹೇಳಿದಾಗಲೆಲ್ಲ ಬಂದ ಉತ್ತರ ಒಂದೇ: "ನೀವು ಕಿಟಕಿ ತೆಗೆಯಲ್ಲ, ಒಳಗೆ ಬಟ್ಟೆ ಒಣಗಿಸ್ತೀರಿ, ಅದಕ್ಕೇ." ಬಟ್ಟೆ ಒಣಗಿಸಿದ್ದು ನಿಜ. ಜುಲೈನಲ್ಲಿ ಇನ್ನೆಲ್ಲಿ ಒಣಗಿಸೋದು? ಅದರಿಂದ ತೇವ ಜಾಸ್ತಿ ಆಗುತ್ತದೆ, ಒಪ್ಪುತ್ತೇನೆ. ಹಾಗಾಗಿ ಒಂದು ಪರೀಕ್ಷೆಯನ್ನೇ ಮಾಡಿಬಿಟ್ಟೆ. ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಟ್ಟೆ. ರೂಮಿನ ಗಾಳಿಯ ತೇವವಾದರೆ ಹನಿ ನಮ್ಮ ಕಡೆ ಕೂರುತ್ತದೆ, ಗೋಡೆಯಿಂದಲೇ ಬರುತ್ತಿದ್ದರೆ ಹಾಳೆಯ ಹಿಂದೆ. ನಮ್ಮದು ಹಿಂದೆ ಕೂತಿತ್ತು. ಫೋಟೊ ತೆಗೆದು ಮಾಲೀಕರಿಗೆ ಕಳಿಸಿದೆ. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಕಾರಣ ಗೊತ್ತಾಗಿದ್ದು ಟೆರೇಸಿನಿಂದ ಬಗ್ಗಿ ನೋಡಿದಾಗ. ನಮ್ಮದು ಇಪ್ಪತ್ತು ಮೂವತ್ತರ ಸೈಟು, ಪಕ್ಕದ್ದೂ ಅಷ್ಟೇ. ಎರಡು ಕಟ್ಟಡದ ನಡುವೆ ಗೇಣಗಲದ ಸಂದು. ಅದರೊಳಗೆ ಕೈ ಹೋಗುತ್ತದೆ, ಗಾರೆಯವನು ಹೋಗುವುದಿಲ್ಲ. ಹಾಗಾಗಿ ಆ ಕಡೆ ಗೋಡೆಗೆ ಪ್ಲಾಸ್ಟರೇ ಇಲ್ಲ, ಬರೀ ಬ್ಲಾಕು. ಮಳೆ ನೀರು, ಪಕ್ಕದವರ ಟ್ಯಾಂಕ್ ತುಂಬಿ ಚೆಲ್ಲಿದ ನೀರು ಎಲ್ಲ ಅಲ್ಲೇ ಇಳಿಯುತ್ತದೆ, ಬಿಸಿಲು ಮಾತ್ರ ಇಳಿಯುವುದಿಲ್ಲ. ಒಳಗಿನಿಂದ ಎಷ್ಟು ಪುಟ್ಟಿ ಬಳಿದರೇನು? ಸಂದಿನ ಮೇಲೆ ಒಂದು ಶೀಟು ಹೊದಿಸಿದರೆ ಮುಕ್ಕಾಲು ಪಾಲು ನೀರು ನಿಲ್ಲುತ್ತಿತ್ತು. ಅದಕ್ಕೆ ಎರಡೂ ಮನೆಯವರು ಒಪ್ಪಬೇಕು. ಅವರಿಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿವೆಯಂತೆ!

ಕಾನೂನಿದೆಯಲ್ಲ ಎನ್ನಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ ನಿಜ, ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದರೆ ಅದು ಅನ್ವಯಿಸುವುದೇ ಇಲ್ಲ. ಇವತ್ತು ಆ ದುಡ್ಡಿಗೆ ಪಿಜಿಯಲ್ಲಿ ಒಂದು ಮಂಚವೂ ಸಿಗುವುದು ಕಷ್ಟ, ಅಲ್ವಾ? ಕೇಂದ್ರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ ಎಲ್ಲ ಮಾಲೀಕರ ಹೊಣೆ ಎಂದಿದೆ. ಅವರು ಮಾಡಿಸದಿದ್ದರೆ ಬಾಡಿಗೆದಾರನೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು, ಒಂದು ತಿಂಗಳಲ್ಲಿ ಅರ್ಧ ಬಾಡಿಗೆ ಮೀರದಂತೆ. ಅಡ್ವಾನ್ಸ್ ಎರಡೇ ತಿಂಗಳದ್ದು. ನಾವು ಕೊಟ್ಟಿದ್ದು ಹತ್ತು ತಿಂಗಳದ್ದು. ಆದರೆ ಹೆಸರೇ ಹೇಳುವಂತೆ ಅದು ಮಾದರಿ, ರಾಜ್ಯ ತನ್ನದಾಗಿ ಮಾಡಿಕೊಳ್ಳುವವರೆಗೆ ನಮಗೆ ಓದಲು ಚೆಂದ ಅಷ್ಟೇ.

ನಮ್ಮ ಸರ್ಕಾರ ಆ 3,500ರ ಮಿತಿಯನ್ನಾದರೂ ಮೊದಲು ತೆಗೆಯಲಿ. ಬಾಡಿಗೆಗೆ ಹೋಗುವವರು ಅಗ್ರಿಮೆಂಟಿನಲ್ಲಿ ಒಂದು ಸಾಲು ಸೇರಿಸಲು ಕೇಳಿ: ಹೊರಗಿನ ನೀರಿನಿಂದ ಕೆಟ್ಟ ಗೋಡೆಗೆ ಪೇಂಟಿಂಗ್ ದುಡ್ಡು ಹಿಡಿಯುವಂತಿಲ್ಲ. ಮನೆ ನೋಡಲು ಹೋದಾಗ ಹಾಲ್ ನೋಡಿ ಖುಷಿಪಡಬೇಡಿ, ಟೆರೇಸಿಗೆ ಹತ್ತಿ ಸಂದು ನೋಡಿ.

ನಾವು ಬಿಟ್ಟ ಮನೆಗೆ ಹೊಸಬರು ಬಂದಿದ್ದಾರೆ. ಗೋಡೆಗೆ ಹೊಸ ಬಣ್ಣ ಬಿದ್ದಿದೆ. ಈಗ ಬೇಸಿಗೆ, ಚೆನ್ನಾಗಿಯೇ ಕಾಣುತ್ತಿದೆಯಂತೆ.

– ಒಬ್ಬ ಬಾಡಿಗೆದಾರ, ಬೆಂಗಳೂರು