ದಕ್ಕೆಯವರೆಗೆ ಬಾರದ ನೋಟಿಸು: ಮೀನುಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಮೀನುಗಾರಿಕೆ, ಬಂದರು ಮತ್ತು ಒಳನಾಡು ಜಲಸಾರಿಗೆ ಸಚಿವರಿಗೆ,
ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿ ಕಡಲಿಗೆ ಇಳಿಯಕೂಡದು ಎಂಬ ಆದೇಶ ನಿಮ್ಮ ಇಲಾಖೆಯಿಂದ ಪ್ರತಿ ವರ್ಷ ಹೊರಡುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಅದು ಗೊತ್ತಿಲ್ಲದ ಒಬ್ಬ ಮೀನುಗಾರ ನಿಮಗೆ ಸಿಗಲಿಕ್ಕಿಲ್ಲ. ಮೀನುಗಾರರ ಸೊಸೈಟಿಯ ಬೋರ್ಡಿಗೆ ಬರುತ್ತದೆ, ವಾಟ್ಸ್‌ಆ್ಯಪ್‌ಗೆ ಬರುತ್ತದೆ, ಐಸ್ ಪ್ಲಾಂಟಿನವರಿಗೂ ಡೀಸೆಲ್ ಬಂಕಿನವರಿಗೂ ಮುಟ್ಟುತ್ತದೆ. ಒಡಿಶಾ, ಜಾರ್ಖಂಡ್ ಕಡೆಯಿಂದ ಬಂದು ಬೋಟಿನಲ್ಲಿ ದುಡಿಯುವ ಖಲಾಸಿಗಳು ಊರಿಗೆ ಹೋಗಲು ರೈಲಿನ ಟಿಕೆಟ್ ಮಾಡಿಸುವುದೇ ಆ ತಾರೀಖು ನೋಡಿಕೊಂಡು. ಚಂಡಮಾರುತದ ಎಚ್ಚರಿಕೆಯೂ ಹಾಗೇ. ಬೆಳಿಗ್ಗೆ ಹವಾಮಾನ ಇಲಾಖೆ ಹೇಳಿದ್ದು ಮಧ್ಯಾಹ್ನದೊಳಗೆ ದಕ್ಕೆಯ (ಬೋಟುಗಳು ಮೀನು ಇಳಿಸುವ ಕಟ್ಟೆಯ) ಮೇಲೆ ಕನ್ನಡದಲ್ಲಿ ಕೇಳಿಬರುತ್ತದೆ.

ಇಷ್ಟು ಸಲೀಸಾಗಿ ಆಜ್ಞೆ ಮುಟ್ಟಿಸಲು ಬರುವ ಸರ್ಕಾರಕ್ಕೆ, ಹೊಳೆ, ದಂಡೆ, ಜಾಗದ ವಿಚಾರದಲ್ಲಿ ನಮ್ಮ ಅಭಿಪ್ರಾಯ ಕೇಳಬೇಕಾದ ನೋಟಿಸನ್ನು ಮುಟ್ಟಿಸಲು ಮಾತ್ರ ಯಾಕೆ ಬರುವುದಿಲ್ಲ? ಈ ಪತ್ರ ಬರೆಯುತ್ತಿರುವುದು ಇದೊಂದೇ ಪ್ರಶ್ನೆ ಕೇಳಲು.

ನಾನು ಹೊನ್ನಾವರ ತಾಲ್ಲೂಕಿನವನು, ಶರಾವತಿ ಅಳಿವೆಯ ದಡದವನು. ಅರ್ಜಿ ಬರೆದುಕೊಡುವುದು, ಜೆರಾಕ್ಸ್ ಮಾಡಿಕೊಡುವುದು ನನ್ನ ಕಸುಬು. ಸರ್ಕಾರದ ಕಾಗದ ಏನು ಹೇಳುತ್ತದೆಂದು ತಿಳಿಯಲು ಜನ ನನ್ನ ಅಂಗಡಿಗೆ ಬರುತ್ತಾರೆ. ಬರುವ ಹೊತ್ತಿಗೆ ಸಾಮಾನ್ಯವಾಗಿ ಗಡುವು ಮುಗಿದಿರುತ್ತದೆ.

ಹೊಳೆಯಿಂದಲೇ ಶುರುಮಾಡುತ್ತೇನೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಪಟ್ಟಿಮಾಡಿತು. ಹಳೆಯವು ಐದು, ಹೊಸದಾಗಿ ಸೇರಿದ್ದು 106. ಕಾಳಿ, ಶರಾವತಿ, ಪಂಚಗಂಗಾವಳಿ, ಉದ್ಯಾವರ, ಗುರುಪುರ, ನೇತ್ರಾವತಿ, ಹೀಗೆ ನಮ್ಮ ಕರಾವಳಿಯ ಹೊಳೆಗಳೂ ಆ ಪಟ್ಟಿಯಲ್ಲಿವೆ. ಸಂಸತ್ತಿನ ಕಾಯ್ದೆ, ಆಗಿಹೋಯಿತು, ಅದಕ್ಕೆ ತಕರಾರಿಲ್ಲ. ಆದರೆ ಈ ಹೊಳೆಯಲ್ಲಿ ಬೀಸುಬಲೆ ಹಾಕುವವರನ್ನು, ಇಳಿತದ ಹೊತ್ತಿಗೆ ಮೊಣಕಾಲುದ್ದ ನೀರಿನಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರನ್ನು ಒಮ್ಮೆ ಕೇಳಿ ನೋಡಿ, ತಾವು ನಿಂತಿರುವುದು ರಾಷ್ಟ್ರೀಯ ಜಲಮಾರ್ಗದಲ್ಲಿ ಎಂದು ಎಷ್ಟು ಜನರಿಗೆ ಗೊತ್ತಿದೆ? ನಾಳೆ ಹೂಳೆತ್ತುವ ಟೆಂಡರ್ ಕರೆದರೆ, ಜೆಟ್ಟಿಗೆ ಜಾಗ ಗುರುತಿಸಿದರೆ, ಬಳಚು ಬೆಳೆಯುವ ದಿಬ್ಬ ಎಲ್ಲಿದೆ ಎಂದು ಹೇಳಬಲ್ಲವರು ಅವರೇ. ಕೇಂದ್ರದ ರಾಜಪತ್ರ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಬರುತ್ತದೆ. ಕೇಂದ್ರದ ಅಭ್ಯಾಸ ಬದಲಿಸಿ ಎಂದು ನಾನು ನಿಮ್ಮನ್ನು ಕೇಳಲಾರೆ. ಒಳನಾಡು ಜಲಸಾರಿಗೆ ನಿಮ್ಮ ಖಾತೆಯಲ್ಲೇ ಇದೆ, ಆ ರಾಜಪತ್ರದ ಸಾರವನ್ನು ಒಂದು ಪುಟದಷ್ಟು ಕನ್ನಡದಲ್ಲಿ ಬರೆಸಿ ಹೊಳೆದಂಡೆಯ ಪಂಚಾಯಿತಿಗಳಿಗೆ ಕಳಿಸುವುದು ನಿಮ್ಮ ಕೈಯಲ್ಲಿದೆ.

ಈಗ ನೇಮಕಾತಿಯ ವಿಚಾರ. ಇದರ ಬಗ್ಗೆ ತುಸು ಹೆಚ್ಚೇ ಹೇಳಬೇಕು.

ನಿಗಮ ಮಂಡಳಿಗಳಿಗೆ ಅಧ್ಯಕ್ಷರು ನೇಮಕವಾದರೆ ನಮಗೆ ತಕ್ಷಣ ಗೊತ್ತಾಗುತ್ತದೆ, ಪೇಟೆ ತುಂಬ ಫ್ಲೆಕ್ಸ್ ಬೀಳುತ್ತದೆ. ಗೊತ್ತಾಗಬೇಕಾದ ನೇಮಕಗಳು ಬೇರೆ ಇವೆ. 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ದೋಣಿ ತಡೆದು ತಪಾಸಣೆ ಮಾಡುವ ಅಧಿಕಾರ ಯಾರಿಗಿದೆ, ದಂಡದ ವಿಚಾರಣೆ ನಡೆಸುವವರು ಯಾರು ಎಂಬುದು ಅಧಿಸೂಚನೆಯಿಂದ ಗೊತ್ತಾಗುವ ಸಂಗತಿ. ಪ್ರಖರ ದೀಪ ಹಚ್ಚಿ ಮೀನು ಸೆಳೆಯುವ ಲೈಟ್ ಫಿಶಿಂಗ್ ನಿಷೇಧವಾಗಿದೆ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ನಿಷೇಧವಾಗಿದೆ. ರಾತ್ರಿ ಕಡಲಲ್ಲಿ ಜಾತ್ರೆಯಂತೆ ದೀಪ ಉರಿಯುವುದನ್ನು ಕಂಡ ನಾಡದೋಣಿಯವನು (ಸಣ್ಣ ಸಾಂಪ್ರದಾಯಿಕ ದೋಣಿಯವನು) ದೂರು ಕೊಡಬೇಕಾದ ಅಧಿಕಾರಿ ಯಾರು? ಈಗಿನವರು ವರ್ಗವಾದರೆ ಪ್ರಭಾರ ಯಾರದು? ಆ ಹೆಸರು, ಆ ಫೋನ್ ನಂಬರು ದಕ್ಕೆಯ ಗೋಡೆಯ ಮೇಲೆ ಇರಬೇಕಿತ್ತು.

ಇನ್ನೊಂದು ಇದಕ್ಕಿಂತ ದೊಡ್ಡದು. ಕಡಲದಂಡೆಯಲ್ಲಿ ಏನು ಮಾಡಬಹುದು, ಏನು ಕೂಡದು ಎಂದು ಹೇಳುವ ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆ ಒಂದು ಮಾತು ಹೇಳಿತು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಸಮಿತಿ ಇರಬೇಕು, ಅದರಲ್ಲಿ ಮೀನುಗಾರರೂ ಸೇರಿದಂತೆ ಸ್ಥಳೀಯ ಸಾಂಪ್ರದಾಯಿಕ ಕರಾವಳಿ ಸಮುದಾಯಗಳ ಪ್ರತಿನಿಧಿಗಳು ಕನಿಷ್ಠ ಮೂವರಿರಬೇಕು. ಕನಿಷ್ಠ ಮೂವರು! ಕರಾವಳಿಯ ಮೂರು ಜಿಲ್ಲೆಗೆ ಸೇರಿಸಿ ಒಂಬತ್ತು ಜನ. ಖಾರ್ವಿ, ಹರಿಕಂತ್ರ, ಅಂಬಿಗ, ಮೊಗೇರ, ಮೊಗವೀರ, ಯಾವ ಕೇರಿಗಾದರೂ ಹೋಗಿ ನಿಮ್ಮ ಜಿಲ್ಲೆಯ ಆ ಮೂವರು ಯಾರೆಂದು ಕೇಳಿ. ನನ್ನ ಅಂಗಡಿಗೆ ಬರುವವರನ್ನು ನಾನು ಕೇಳಿದ್ದೇನೆ. ಕೆಲವರು ಎಂಎಲ್‌ಎ ಹೆಸರು ಹೇಳಿದರು, ಒಬ್ಬರು ನನ್ನನ್ನೇ ನೋಡಿ ನಕ್ಕರು. ಪ್ರತಿನಿಧಿ ಯಾರೆಂದು ಪ್ರತಿನಿಧಿಸಲ್ಪಟ್ಟವರಿಗೇ ಗೊತ್ತಿಲ್ಲದಿದ್ದರೆ, ಸಮಿತಿ ಕಡತದಲ್ಲಿ ಇದ್ದರೂ ನಮ್ಮ ಪಾಲಿಗೆ ಇಲ್ಲದಂತೆಯೇ.

ಭೂಮಿಯ ವಿಚಾರ ನಿಮ್ಮದಲ್ಲ, ಕಂದಾಯ ಸಚಿವರದ್ದು, ಬಲ್ಲೆ. ಆದರೆ ದಂಡೆಯ ಮನುಷ್ಯನಿಗೆ ಹೊಳೆ, ಕಡಲು, ಮನೆಯಡಿ ಸ್ಥಳ ಮೂರೂ ಒಂದೇ ಬದುಕು. ಸಚಿವ ಸಂಪುಟದಲ್ಲಿ ನೀವಿಬ್ಬರೂ ಒಂದೇ ಮೇಜಿನ ಮುಂದೆ ಕೂರುತ್ತೀರಿ, ಆದ್ದರಿಂದ ಹೇಳುತ್ತಿದ್ದೇನೆ.

2013ರ ಭೂಸ್ವಾಧೀನ ಕಾಯ್ದೆ ಚೆನ್ನಾಗಿದೆ. ಪ್ರಾಥಮಿಕ ಅಧಿಸೂಚನೆಯನ್ನು ರಾಜಪತ್ರದಲ್ಲಿ, ಸ್ಥಳೀಯ ಭಾಷೆಯದ್ದೂ ಸೇರಿ ಎರಡು ದಿನಪತ್ರಿಕೆಗಳಲ್ಲಿ, ಸ್ಥಳೀಯ ಭಾಷೆಯಲ್ಲಿ ಪಂಚಾಯಿತಿಯಲ್ಲಿ, ತಹಶೀಲ್ದಾರ್ ಕಚೇರಿಯಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗೆ 60 ದಿನ ಕೊಡಬೇಕು. ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ನೀರನ್ನೇ ನಂಬಿ ಬದುಕಿದ ಮೀನುಗಾರರನ್ನೂ ಅಂಬಿಗರನ್ನೂ ಅದು ಬಾಧಿತ ಕುಟುಂಬ ಎಂದೇ ಕರೆಯುತ್ತದೆ, ಪಹಣಿ ಇರಲಿ ಬಿಡಲಿ. ಇಷ್ಟು ಓದಿ ಸಂತೋಷಪಟ್ಟೆ. ಆಮೇಲೆ ಹೊಳೆಯಿತು, ನಮ್ಮ ಹೆಂಗಸರು ಮೀನು ಒಣಗಿಸುವ ಮರಳದಂಡೆ ಯಾರ ಪಹಣಿಯಲ್ಲೂ ಇಲ್ಲ. ಅದು ಸರ್ಕಾರದ ಜಾಗ. ಸರ್ಕಾರ ತನ್ನ ಜಾಗವನ್ನು ತಾನೇ ಸ್ವಾಧೀನ ಮಾಡಿಕೊಳ್ಳಬೇಕಾಗಿಲ್ಲವಲ್ಲ. ಗುತ್ತಿಗೆಗೆ ಕೊಟ್ಟರೆ ಮುಗಿಯಿತು. ಸ್ವಾಧೀನವೇ ಇಲ್ಲವೆಂದ ಮೇಲೆ ಆ ಕಾಯ್ದೆಯ ನೋಟಿಸೂ ಇಲ್ಲ. (ನಮ್ಮ ತಾಲ್ಲೂಕಿನ ಕಾಸರಕೋಡು ಟೊಂಕದಲ್ಲಿ ಬಂದರು ಕಟ್ಟುವ ವಿಚಾರದ ಗಲಾಟೆಯನ್ನು ಇಲ್ಲಿ ಎಳೆದು ತರುವುದಿಲ್ಲ. ಅದಕ್ಕೆ ಬೇರೆಯೇ ಪತ್ರ ಬೇಕು.)

ಸ್ವಂತ ಜಾಗ ಇದ್ದವರ ಕಥೆ ಇನ್ನೊಂದು. ನೋಂದಣಿಯಾದ ಕ್ರಯಕ್ಕೆ ಮ್ಯುಟೇಶನ್ (ಪಹಣಿಯಲ್ಲಿ ಹೆಸರು ಬದಲಾವಣೆ) ಆಗುವ ಮೊದಲು ಆಕ್ಷೇಪಣೆಗೆ ಕೊಡುವ ಅವಧಿಯನ್ನು 2023ರಲ್ಲಿ ಏಳು ದಿನಕ್ಕೆ ಇಳಿಸಲಾಯಿತು. ಖಾತೆಗಾಗಿ ವರ್ಷಗಟ್ಟಲೆ ಅಲೆದವರಿಗೆ ಇದು ಒಳ್ಳೆಯದೇ, ದಲ್ಲಾಳಿಗಳ ಕಾಟವೂ ತಪ್ಪಿತು. ಆದರೆ ಆಳಸಮುದ್ರದ ಟ್ರಾಲ್ ಬೋಟು ಒಮ್ಮೆ ಹೊರಟರೆ ಎಂಟು ಹತ್ತು ದಿನ ದಡಕ್ಕೆ ಬರುವುದಿಲ್ಲ. ನಮ್ಮ ಕಡೆ ಅಜ್ಜನ ಹೆಸರಿನಲ್ಲೇ ಉಳಿದ, ಪೌತಿಖಾತೆ ಆಗದ ಮನೆಯಡಿ ಸ್ಥಳಗಳು ಎಷ್ಟೋ ಇವೆ. ದಾಯಾದಿಗಳಲ್ಲಿ ಒಬ್ಬ ಹೇಗೋ ಕಾಗದ ಮಾಡಿಸಿ ರೆಸಾರ್ಟಿನವರಿಗೆ ಕೊಟ್ಟರೆ, ಇನ್ನೊಬ್ಬ ಕಡಲಲ್ಲಿದ್ದಾಗಲೇ ನೋಟಿಸು ಅಂಟಿ, ಏಳು ದಿನ ಕಳೆದು, ಪಹಣಿಯಲ್ಲಿ ಹೆಸರು ಬದಲಾಗಿರುತ್ತದೆ. ಮತ್ತೆ ಅವನು ಉಪವಿಭಾಗಾಧಿಕಾರಿಗಳ ಕೋರ್ಟಿಗೆ ಅಲೆಯಬೇಕು, ವಕೀಲರ ಫೀಸು ಬೇರೆ.

ನಕ್ಷೆಯ ಬಗ್ಗೆಯೂ ಒಂದು ಮಾತು. ದಂಡೆಯ ಯಾವ ಭಾಗಕ್ಕೆ ಯಾವ ನಿಯಮ ಎಂದು ತೋರಿಸುವ ಕರಾವಳಿ ವಲಯ ನಿರ್ವಹಣಾ ಯೋಜನೆಯ ಮುಖ್ಯ ನಕ್ಷೆಗಳು 1:25,000 ಅಳತೆಯಲ್ಲಿವೆ. ಅಂದರೆ ಕಾಗದದ ಒಂದು ಸೆಂಟಿಮೀಟರು ನೆಲದ ಮೇಲೆ 250 ಮೀಟರು. ಅದರಲ್ಲಿ ಬಲೆ ಒಣಗಿಸುವ ಚಪ್ಪರವನ್ನು ಹುಡುಕುವುದು ಹೇಗೆ?

ನಾನು ಕೇಳುವುದು ಹೊಸ ಕಾಯ್ದೆಯನ್ನಲ್ಲ, ಹಣವನ್ನೂ ಅಲ್ಲ. ಜೂನ್, ಜುಲೈಯ ಮೀನುಗಾರಿಕೆ ರಜೆಯ ಆದೇಶ ಬರುವ ದಾರಿಯಲ್ಲೇ ನೋಟಿಸೂ ಬರಲಿ. ಅಳಿವೆ, ಹೊಳೆ, ದಂಡೆಗೆ ಸಂಬಂಧಿಸಿದ ಯಾವುದೇ ಪ್ರಕಟಣೆ, ಅದು ಯಾವ ಇಲಾಖೆಯದ್ದೇ ಆಗಲಿ, ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಒಂದು ಪ್ರತಿ ಬರಲಿ, ಅಲ್ಲಿಂದ ಸೊಸೈಟಿಗೆ, ದಕ್ಕೆಗೆ ಹೋಗಲಿ. ದಕ್ಕೆಗೆ ಅಂಟಿಸಿದ ದಿನವನ್ನು ಅಲ್ಲೇ ಬರೆದು, ಸೊಸೈಟಿ ಕಾರ್ಯದರ್ಶಿಯ ಸಹಿ ಪಡೆಯಲಿ. ಆಕ್ಷೇಪಣೆಯ ದಿನಗಳನ್ನು ಆ ತಾರೀಖಿನಿಂದ ಎಣಿಸುವಂತೆ ನೀವು ಕಂದಾಯ ಮತ್ತು ಪರಿಸರ ಇಲಾಖೆಗಳಿಗೆ ಬರೆಯಿರಿ. ಅವರು ಒಪ್ಪದಿದ್ದರೆ ಒಪ್ಪಲಿಲ್ಲ ಎಂದಾದರೂ ನಮಗೆ ತಿಳಿಸಿ.

ಅಹವಾಲು ಸಭೆಗಳನ್ನು ಆಗಸ್ಟಿನಿಂದ ಡಿಸೆಂಬರಿನವರೆಗೆ ಇಡಬೇಡಿ. ಆಗ ಬೋಟುಗಳೆಲ್ಲ ಕಡಲಲ್ಲಿರುತ್ತವೆ. ಜೂನ್, ಜುಲೈಯಲ್ಲಿ ಇಟ್ಟರೆ ಟ್ರಾಲ್, ಪರ್ಸಿನ್ ಬೋಟಿನವರು ಊರಲ್ಲೇ ಇರುತ್ತಾರೆ. ನಾಡದೋಣಿಯವರಿಗೆ ಮಾತ್ರ ಅದೇ ದುಡಿಮೆಯ ಕಾಲ. ಅವರು ಬೆಳಗಿನ ಮೀನು ಮಾರಿ ಮುಗಿಸಿದ ಮೇಲೆ, ಮಧ್ಯಾಹ್ನದ ನಂತರ ಸಭೆ ಕರೆದರೆ ಅವರೂ ಬಂದಾರು. ಸಭೆಯನ್ನು ತಾಲ್ಲೂಕು ಕೇಂದ್ರದ ಸಭಾಭವನದಲ್ಲಿ ಇಡುವ ಬದಲು ದಕ್ಕೆಯ ಹರಾಜು ಕಟ್ಟೆಯಲ್ಲೇ ಇಡಿ. ಕುರ್ಚಿ, ಮೈಕು ನಾವೇ ತರುತ್ತೇವೆ.

ಮೊದಲ ನೋಟಿಸಾಗಿ ಜಿಲ್ಲಾ ಮಟ್ಟದ ಸಮಿತಿಯ ಆ ಮೂವರ ಹೆಸರನ್ನು ಕಳಿಸಿ. ಸಮಿತಿಗೆ ಇನ್ನೂ ಯಾರನ್ನೂ ನೇಮಿಸಿಲ್ಲ ಎಂದಿದ್ದರೆ ಅದನ್ನೇ ಬರೆದು ಕಳಿಸಿ, ಹೆಸರು ಕೊಡಲು ನಮ್ಮಲ್ಲಿ ಜನ ಇದ್ದಾರೆ. ಉತ್ತರವನ್ನು ದಯವಿಟ್ಟು ಪತ್ರಿಕಾ ಹೇಳಿಕೆಯಾಗಿ ಕೊಡಬೇಡಿ. ಸೊಸೈಟಿಯ ಬೋರ್ಡಿಗೆ ಅಂಟಿಸಿ, ನಾನು ಓದಿ ಹೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಶರಾವತಿ ದಡದ ಒಬ್ಬ ಅರ್ಜಿ ಬರಹಗಾರ
ಹೊನ್ನಾವರ ತಾಲ್ಲೂಕು, ಉತ್ತರ ಕನ್ನಡ